ಬಾಳ್ಳುಪೇಟೆ ಹತ್ರ ಚಾರ್ಜ್ ಸೊನ್ನೆ, ನಾಲ್ಕು ಗಂಟೆ ಮಳೇಲಿ: ಆರ್‌ಎಸ್‌ಎ (ದಾರೀಲಿ ಗಾಡಿ ನಿಂತ್ರೆ ಬರೋ ಸಹಾಯ) ಅಂತ ದುಡ್ಡು ಕಟ್ಟಿದ್ದು ಯಾತಕ್ಕೆ?

ಒಗ್ಗರಣೆ_ಬೆಂಗಳೂರು | ಸೋಮವಾರ, ಬೆಳಗ್ಗೆ 11.05

ನಿನ್ನೆ ರಾತ್ರಿ ಆಗಿದ್ದು. ಇನ್ನೂ ನಿದ್ದೆ ಆಗಿಲ್ಲ, ಬರೆದಿದ್ದು ಹಿಂದೆ ಮುಂದೆ ಆದ್ರೆ ಬೈಬೇಡಿ.

ಪುತ್ತೂರಲ್ಲಿ ನಾದಿನಿ ಸೀಮಂತ. ಶನಿವಾರ ರಾತ್ರಿ ಮಾವನ ಮನೇಲಿ ನಮ್ಮ ಎಲೆಕ್ಟ್ರಿಕ್ ಕಾರನ್ನ 15 ಆಂಪ್ ಸಾಕೆಟ್‌ನಲ್ಲಿ ಚಾರ್ಜ್‌ಗೆ ಹಾಕಿ ಮಲಗಿದ್ದೆ. ನಡುರಾತ್ರಿ ಕರೆಂಟ್ ಹೋಗಿದೆ, ಬೆಳಗಿನ ಜಾವ ಬಂದಿದೆ, ಚಾರ್ಜರ್ ಮಾತ್ರ ಮತ್ತೆ ಶುರುವಾಗಿಲ್ಲ. ಸೀಮಂತದ ಗಲಾಟೇಲಿ ನೋಡ್ಕೊಳ್ಳೋಕೂ ಆಗಲಿಲ್ಲ. ಸಂಜೆ ಹೊರಡೋವಾಗ 61 ಪರ್ಸೆಂಟ್. ಗಾಡಿ 30 ಯೂನಿಟ್ ಬ್ಯಾಟರಿದು, ನಾಲ್ಕು ವರ್ಷ ಹಳೇದು. ಡಿಸ್‌ಪ್ಲೇಲಿ 128 ಕಿಲೋಮೀಟರ್ ಅಂತ ಇತ್ತು. ಸಕಲೇಶಪುರ ಇರೋದು ಹತ್ತಿರ ಹತ್ತಿರ 90. ಅಲ್ಲಿ ಹಾಕ್ಕೊಂಡ್ರಾಯ್ತು, ಇನ್ನೂ ಮೂವತ್ತೈದು ಉಳಿದಿರುತ್ತೆ ಅಂದ್ಕೊಂಡೆ.

ನೆಲ್ಯಾಡಿ ಹತ್ರ ಚಾರ್ಜರ್ ಖಾಲಿ ಇತ್ತು. ಮನೆಯವಳು "ಇಪ್ಪತ್ತು ನಿಮಿಷ ಹಾಕೋಣ, ಅತ್ತೆಗೂ ಕಾಫಿ ಆಗುತ್ತೆ" ಅಂದಳು. ನಾನೇ ಬೇಡ ಅಂದೆ. ಈ ಮಾತು ನಮ್ಮನೇಲಿ ಇನ್ನು ಹತ್ತು ವರ್ಷ ಓಡುತ್ತೆ.

ಗುಂಡ್ಯದಲ್ಲಿ 40 ಪರ್ಸೆಂಟ್, ಮಾರನಹಳ್ಳೀಲಿ 14, ಸಕಲೇಶಪುರದಲ್ಲಿ 6. ಊರಿಗೆ ಊರೇ ಕತ್ತಲೆ. ಮಳೆಗೆ ಲೈನ್ ಮೇಲೆ ಮರ ಬಿದ್ದಿದೆಯಂತೆ. ಚಾರ್ಜರ್ ಸ್ಕ್ರೀನ್ ಕಪ್ಪಗೆ ನಿಂತಿತ್ತು. ಬಾಳ್ಳುಪೇಟೆ ದಾಟಿ ಒಂದು ಹೋಟೆಲಲ್ಲಿ ಜನರೇಟರ್ ಇದೆ, ಅಲ್ಲಿ ಆಗಬಹುದು ಅಂತ ಯಾರೋ ಅಂದ್ರು. ಹೊರಟೆ. ಐದಾರು ಕಿಲೋಮೀಟರ್ ಆದ್ಮೇಲೆ ಆಮೆ ಚಿತ್ರ ಬಂತು, ವೇಗ ಮೂವತ್ತಕ್ಕಿಳೀತು. ಬಾಳ್ಳುಪೇಟೆಗೆ ಮೂರು ಕಿಲೋಮೀಟರ್ ಇರೋವಾಗ ನಿಂತೇಹೋಯ್ತು. ಆಗ ರಾತ್ರಿ 8.50. ಗಾಡಿಯೊಳಗೆ ಹೆಂಡತಿ, ಅಮ್ಮ, ಆರು ವರ್ಷದ ಮಗಳು, ಮತ್ತೆ ಮಾವ ಕಟ್ಟಿಕೊಟ್ಟ ಎರಡು ಗೊನೆ ಬಾಳೆಕಾಯಿ.

ಆರ್‌ಎಸ್‌ಎಗೆ ಫೋನ್ ಮಾಡಿದೆ. ಮೊದಲ ಹತ್ತು ನಿಮಿಷ ಬಾಳ್ಳುಪೇಟೆ ಅನ್ನೋ ಹೆಸರನ್ನ ಆ ಕಡೆಯವನಿಗೆ ಅಕ್ಷರ ಅಕ್ಷರ ಹೇಳೋದ್ರಲ್ಲೇ ಹೋಯ್ತು. ಆಮೇಲೆ ಕೇಳ್ತಾನೆ, "ಸಾರ್, ಐದು ಲೀಟರ್ ಫ್ಯೂಯೆಲ್ ಡೆಲಿವರಿ ಬುಕ್ ಮಾಡ್ಲಾ?"

10.40ಕ್ಕೆ ಒಂದು ಗಾಡಿ ಬಂತು. ಹಿಂದೆ ಕೊಕ್ಕೆ ಇರೋ ಕ್ರೇನು. ಮುಂದಿನ ಚಕ್ರ ಎತ್ತೋ ಪಟ್ಟಿ ಸರಿ ಇಲ್ಲ, ಹಗ್ಗ ಕಟ್ಟಿ ಎಳೀತೀನಿ ಅಂದ. ಮ್ಯಾನುಯಲ್‌ನಲ್ಲಿ ಚಕ್ರ ನೆಲಕ್ಕೆ ತಾಗಬಾರದು ಅಂತ ಇದೆ ಅಂದೆ. "ನೂರು ಗಾಡಿ ಎಳ್ದಿದ್ದೀನಿ, ಏನೂ ಆಗಲ್ಲ" ಅಂದ. ನಾನು ಒಪ್ಪಲಿಲ್ಲ. ಫೋನಲ್ಲಿ ಏನೋ ಒತ್ತಿ ಹೊರಟೋದ. ಐದು ನಿಮಿಷಕ್ಕೆ ಮೆಸೇಜ್ ಬಂತು: "ಗ್ರಾಹಕರು ಸೇವೆ ನಿರಾಕರಿಸಿದ್ದಾರೆ, ನಿಮ್ಮ ವಿನಂತಿ ಮುಕ್ತಾಯಗೊಂಡಿದೆ."

ಮತ್ತೆ ಮೊದಲಿಂದ ಫೋನು. ಹಾಸನದಿಂದ ಫ್ಲ್ಯಾಟ್‌ಬೆಡ್ (ಇಡೀ ಕಾರನ್ನ ಮೇಲೆ ಹೊತ್ಕೊಂಡು ಹೋಗೋ ಲಾರಿ) ಬಂದಾಗ 12.35. ಅಷ್ಟೊತ್ತಿಗೆ ಗಾಡಿ ಪೂರ್ತಿ ಹೆಣ. ಲೈಟಿಲ್ಲ, ಸ್ಕ್ರೀನಿಲ್ಲ, ಗೇರ್ ನ್ಯೂಟ್ರಲ್‌ಗೆ ಬೀಳಲ್ಲ, ಹ್ಯಾಂಡ್‌ಬ್ರೇಕ್ ಬಿಡಲ್ಲ. ಅದರ ಕತೆ ಆಮೇಲೆ.

ಕೊನೇ ತಮಾಷೆ ಕೇಳಿ. ಪಾಲಿಸೀಲಿ "ಹತ್ತಿರದ ಚಾರ್ಜಿಂಗ್ ಸ್ಟೇಷನ್‌ವರೆಗೆ ಉಚಿತ" ಅಂತ ಇದೆ. ಅವರ ಲೆಕ್ಕದಲ್ಲಿ ಹತ್ತಿರದ ಸ್ಟೇಷನ್ ಸಕಲೇಶಪುರ. ಕರೆಂಟಿಲ್ಲದೆ ಸತ್ತು ಬಿದ್ದಿರೋ ಅದೇ ಸ್ಟೇಷನ್! ಹಾಸನಕ್ಕೆ ಹೋಗ್ಬೇಕು ಅಂದ್ರೆ ಮಿಕ್ಕ ಕಿಲೋಮೀಟರ್‌ಗೆ ನಾನೇ ಕೊಡಬೇಕಂತೆ. ರಾತ್ರಿ ಒಂದು ಗಂಟೇಲಿ ವಾದ ಮಾಡೋ ಶಕ್ತಿ ಇರಲಿಲ್ಲ, 2,200 ಕೊಟ್ಟೆ.

ನನ್ನ ಪ್ರಶ್ನೆ ಎರಡು. ಹಗ್ಗ ಕಟ್ಟೋದು ಬೇಡ ಅಂದಿದ್ದು ಸರೀನಾ? ಆ 2,200 ವಾಪಸ್ ಕೇಳಬಹುದಾ?

(ಕಂಪನಿ ಹೆಸರು ಕೇಳಬೇಡಿ, ಹೇಳಲ್ಲ. ಇನ್ನೂ ಮೇಲ್ ವ್ಯವಹಾರ ನಡೀತಿದೆ.)

ಕುಡ್ಲದ_ಮಳೆ | 11.22

ಎಂತ ಮಾರಾಯ್ರೆ, ಬಾಳೆಕಾಯಿ ಗೊನೆ ಎರಡು, ಚಾರ್ಜ್ 61! ಪುತ್ತೂರಿಂದ ಮೇಲೆ ಹತ್ತುವವರು ನೆಲ್ಯಾಡಿಯಲ್ಲಿ ನಿಲ್ಲದೆ ಹೋಗುವುದುಂಟಾ? ಹೆಂಡತಿ ಹೇಳಿದ್ದು ಕೇಳ್ಬೇಕಿತ್ತು ನೀವು.

ನಾನು ವಾರಕ್ಕೊಮ್ಮೆ ಮಂಗಳೂರು–ಹಾಸನ ಓಡಾಡ್ತೇನೆ. ಇಳಿಯುವಾಗ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಚಾರ್ಜ್ ಇಳಿಯುವುದೇ ಇಲ್ಲ, ಕೆಲವೊಮ್ಮೆ ಒಂದೆರಡು ಪರ್ಸೆಂಟ್ ಏರ್ತದೆ. ಆ ಖುಷಿಯಲ್ಲಿ ಹತ್ತುವಾಗಲೂ ಹಾಗೇ ಅಂತ ಗ್ರಹಿಸುವವರು ತುಂಬಾ ಜನ. ಶಿರಾಡಿ ಘಾಟಿ ಕೊಟ್ಟದ್ದನ್ನು ಬಡ್ಡಿ ಸಮೇತ ವಾಪಸ್ ತಗೊಳ್ತದೆ.

ಯೂನಿಟ್_ಲೆಕ್ಕ | 11.58

ಬಡ್ಡಿ ಎಷ್ಟು ಅಂತ ಲೆಕ್ಕ ಹಾಕೋಣ, ಕಷ್ಟ ಏನಿಲ್ಲ.

ಗಾಡಿ, ನಾಲ್ಕು ಜನ, ಸಾಮಾನು (ಗೊನೆ ಸೇರಿ) ಎಲ್ಲ ಸುಮಾರು 1,700 ಕಿಲೋ ಅನ್ನಿ. ಗುಂಡ್ಯದಿಂದ ಸಕಲೇಶಪುರಕ್ಕೆ ಏರೋ ಎತ್ತರ ಸುಮಾರು 800 ಮೀಟರ್ ಅನ್ನಿ. 1,700 × 9.8 × 800 ಅಂದ್ರೆ 1.33 ಕೋಟಿ ಜೂಲ್. ಒಂದು ಯೂನಿಟ್ ಕರೆಂಟ್ 36 ಲಕ್ಷ ಜೂಲ್. ಭಾಗಿಸಿದರೆ 3.7 ಯೂನಿಟ್. ಮೋಟರು, ಇನ್ವರ್ಟರಲ್ಲಿ (ಬ್ಯಾಟರಿ ಕರೆಂಟನ್ನ ಮೋಟರಿಗೆ ಹೊಂದೋ ಹಾಗೆ ಬದಲಾಯಿಸೋ ಪೆಟ್ಟಿಗೆ) ಸೋರಿಹೋಗೋದು ಸೇರಿಸಿದ್ರೆ ನಾಲ್ಕು ದಾಟುತ್ತೆ. ಇದು ಬರೀ ಎತ್ತರಕ್ಕೆ. ರಸ್ತೆ ಉದ್ದಕ್ಕೆ ಖರ್ಚಾಗೋದು ಬೇರೆ.

ನಿಮ್ಮದು 30 ಯೂನಿಟ್ ಬ್ಯಾಟರಿ, ಅದರಲ್ಲಿ 14 ಪರ್ಸೆಂಟ್ ಘಟ್ಟಕ್ಕೇ ಕಾಣಿಕೆ. ಡಿಸ್‌ಪ್ಲೇಲಿ ತೋರಿಸಿದ 128 ಹಿಂದಿನ ಓಡಾಟ ನೋಡ್ಕೊಂಡು ಹೇಳಿದ ಅಂದಾಜು. ಪುತ್ತೂರಿನ ಸುತ್ತಮುತ್ತ ನಿಧಾನಕ್ಕೆ ಓಡಿಸಿದ್ದೀರಿ, ಅದೇ ರೀತಿ ಓಡಿಸಿದ್ರೆ 128 ಅಂತ ಅದು ಹೇಳ್ತು. ಮುಂದೆ ಶಿರಾಡಿ ಇದೆ ಅಂತ ಅದಕ್ಕೇನು ಗೊತ್ತು? ನೀವು ಉಳಿಯುತ್ತೆ ಅಂದ್ಕೊಂಡ ಮೂವತ್ತೈದು ಕಿಲೋಮೀಟರ್ ಅಂದ್ರೆ ಸುಮಾರು ಐದು ಯೂನಿಟ್. ಘಟ್ಟ ನಾಲ್ಕು ತಿಂತು, ವೈಪರು, ಎಸಿ, ಗಾಜಿನ ಮಂಜು ತೆಗೆಯೋ ಗಾಳಿ ಇನ್ನಷ್ಟು ತಿಂದ್ವು.

ಪೆಟ್ರೋಲ್_ಪುಟ್ಟ | 12.10

ಐದು ಲೀಟರ್ ಕ್ಯಾನ್ ಹಿಡ್ಕೊಂಡು ಬಾಳ್ಳುಪೇಟೆವರೆಗೆ ನಡೆದಿದ್ರೆ ಮುಗೀತಿತ್ತು ಗುರು. ಜೂಲು, ಯೂನಿಟ್ಟು ಏನೂ ಬೇಕಿರಲಿಲ್ಲ.

ಯೂನಿಟ್_ಲೆಕ್ಕ | 12.14

ಒಪ್ಪಿದೆ. ಈ ಒಂದು ವಿಷಯದಲ್ಲಿ ನೀವು ಗೆದ್ರಿ. ಮುಂದಿನ ವಿಷಯಕ್ಕೆ ಹೋಗೋಣ.

ಟೋಚನ್_ಹಾಸನ | ಮಧ್ಯಾಹ್ನ 1.45

ನಾನು ಈ ಫೀಲ್ಡಲ್ಲೇ ಹದಿನಾಲ್ಕು ವರ್ಷದಿಂದ ಇದ್ದೀನಿ. ಆ ರಾತ್ರಿ ಬಂದೋನು ನಾನಲ್ಲ, ಆದ್ರೆ ಫ್ಲ್ಯಾಟ್‌ಬೆಡ್ ತಂದ ಹುಡುಗ ಗೊತ್ತು.

ಮೊದಲನೇ ಪ್ರಶ್ನೆ. ಅಣ್ಣ, ಬೇಡ ಅಂದಿದ್ದು ಸರಿ. ಪೆಟ್ರೋಲ್ ಗಾಡಿ ನ್ಯೂಟ್ರಲ್‌ಗೆ ಹಾಕಿದ್ರೆ ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ಕಡಿಯುತ್ತೆ, ಟೋಚನ್ ಹಾಕಿ ಎಳೀಬಹುದು. ಎಲೆಕ್ಟ್ರಿಕ್ ಗಾಡೀಲಿ ಸಾಮಾನ್ಯವಾಗಿ ಹಾಗೆ ಕಡಿಯಲ್ಲ. ಎನ್ ಅಂತ ತೋರಿಸಿದ್ರೂ ಚಕ್ರ ತಿರುಗಿದ್ರೆ ಮೋಟರೂ ತಿರುಗುತ್ತೆ. ಒಳಗೆ ಅಯಸ್ಕಾಂತ ಇದೆ, ತಿರುಗಿದ್ರೆ ಕರೆಂಟ್ ಹುಟ್ಟುತ್ತೆ. ಸೈಕಲ್ ಡೈನಮೋ ನೋಡಿದ್ದೀರಲ್ಲ, ಅದೇ, ಆದ್ರೆ ಸಾವಿರ ಪಟ್ಟು ದೊಡ್ಡದು. ಗಾಡಿ ಆಫ್ ಆಗಿದೆ, ಕೂಲಿಂಗ್ ಓಡ್ತಿಲ್ಲ, ಹುಟ್ಟಿದ ಕರೆಂಟ್ ಎಲ್ಲಿಗೆ ಹೋಗಬೇಕು? ಇನ್ವರ್ಟರ್ ಸುಟ್ಟರೆ ಲಕ್ಷದ ಮಾತು. ರಸ್ತೆಯಿಂದ ಪಕ್ಕಕ್ಕೆ ಸರಿಸೋಕೆ ಹತ್ತಿಪ್ಪತ್ತು ಅಡಿ ನಿಧಾನಕ್ಕೆ ತಳ್ಳೋದು ಬೇರೆ, ಹಗ್ಗ ಕಟ್ಟಿ ಹಾಸನಕ್ಕೆ ಎಳೆಯೋದು ಬೇರೆ.

ಇನ್ನೊಂದು ಮಾತು, ಇದು ನಮ್ಮ ಹುಡುಗರಿಗೂ ಹೇಳ್ತಿರ್ತೀನಿ. "ಮುಂದಿನ ಚಕ್ರ ಎತ್ತಿದ್ರೆ ಸಾಕು" ಅನ್ನೋದು ಎಲ್ಲ ಗಾಡಿಗೂ ಅಲ್ಲ. ನೆಕ್ಸಾನ್, ಝಡ್‌ಎಸ್ ಮುಂದಿನ ಚಕ್ರದಲ್ಲಿ ಓಡೋವು, ಅವಕ್ಕೆ ಮುಂದೆ ಎತ್ತಿದ್ರೆ ನಡೆಯುತ್ತೆ. ಕಾಮೆಟ್, ಬಿಇ 6, ಎಕ್ಸ್‌ಇವಿ 9ಇ ಹಿಂದಿನ ಚಕ್ರದಲ್ಲಿ ಓಡ್ತವೆ. ಅವನ್ನ ಮುಂದೆ ಎತ್ತಿ ಎಳೆದ್ರೆ ಮೋಟರ್ ಇರೋ ಚಕ್ರಾನೇ ನೆಲದ ಮೇಲೆ ಉರುಳುತ್ತೆ. ಎರಡೂ ಕಡೆ ಮೋಟರ್ ಇರೋ ಗಾಡಿಗೆ ನಾಲ್ಕೂ ಚಕ್ರ ಮೇಲಿರಲೇಬೇಕು. ಗೊತ್ತಿಲ್ಲ ಅಂದ್ರೆ ಫ್ಲ್ಯಾಟ್‌ಬೆಡ್ಡೇ ಹೇಳಿ.

ಕೊಕ್ಕೆ ಗಾಡಿ ಯಾಕೆ ಬಂತು ಅಂದ್ರೆ, ನಮಗೆ ಕಾಲ್ ಬರೋವಾಗ ಬರೀ "ಕಾರು, ಬ್ರೇಕ್‌ಡೌನ್, ಲೊಕೇಶನ್" ಅಷ್ಟೇ ಇರುತ್ತೆ. ಎಲೆಕ್ಟ್ರಿಕ್ಕಾ, ಮಳೇಲಿ ನಿಂತಿದ್ಯಾ, ಒಳಗೆ ಮಗು ಇದ್ಯಾ, ಏನೂ ಇರಲ್ಲ. ಹತ್ತಿರ ಯಾವ ಗಾಡಿ ಇದ್ಯೋ ಅದಕ್ಕೆ ಹಾಕ್ತಾರೆ. ಘಟ್ಟದ ಸಾಲಲ್ಲಿ ಫ್ಲ್ಯಾಟ್‌ಬೆಡ್ ಇರೋದೇ ಕಡಿಮೆ. ಹಾಗಾಗಿ ಫೋನಲ್ಲಿ ಮೊದಲನೇ ಮಾತೇ "ಎಲೆಕ್ಟ್ರಿಕ್ ಕಾರು, ಫ್ಲ್ಯಾಟ್‌ಬೆಡ್ ಮಾತ್ರ" ಅಂತ ಇರಲಿ. ಬರೋ ಡ್ರೈವರ್ ನಂಬರ್ ಸಿಕ್ಕ ತಕ್ಷಣ ಅವನಿಗೆ ನೇರವಾಗಿ ಫೋನ್ ಮಾಡಿ, ಗಾಡಿ ಯಾವುದು ಕೇಳಿ. ಹೊರಡೋ ಮುಂಚೆ ಗೊತ್ತಾದ್ರೆ ಇಬ್ಬರಿಗೂ ಎರಡು ಗಂಟೆ ಉಳಿಯುತ್ತೆ. ನಮಗೂ ವಾಪಸ್ ಹೋದ್ರೆ ಡೀಸೆಲ್ ದುಡ್ಡು ಹುಟ್ಟಲ್ಲ, ಅದಕ್ಕೇ ಕೆಲವರು "ಏನೂ ಆಗಲ್ಲ" ಅನ್ನೋದು.

ಒಗ್ಗರಣೆ_ಬೆಂಗಳೂರು | 2.20

ತುಂಬ ಥ್ಯಾಂಕ್ಸ್ ಅಣ್ಣ. ಆ ಕಡೆಯವನಿಗೆ "ಇವಿ" (ಎಲೆಕ್ಟ್ರಿಕ್ ಗಾಡಿ) ಅಂದಿದ್ದೆ, ಅವನದನ್ನ ಏನಂತ ಬರ್ಕೊಂಡನೋ.

ಈಗ ಹೆಣ ಆದ ಗಾಡಿ ಕತೆ. ಫ್ಲ್ಯಾಟ್‌ಬೆಡ್ ಹುಡುಗ ಇಳಿದು ಬಂದು ಡೋರ್ ತೆಗೆದ, ಲೈಟ್ ಹತ್ತಲಿಲ್ಲ. ಮೊದಲು ಕೇಳಿದ್ದೇ, "ಸಾರ್, ಇಂಡಿಕೇಟರ್ ನಾಲ್ಕೂ ಎಷ್ಟೊತ್ತು ಹಾಕಿದ್ರಿ?" ಅಂತ. ನಿಂತಾಗಿಂದ ಹಾಕೇ ಇದೆ ಅಂದೆ. ಮಳೆ, ಕತ್ತಲೆ, ಲಾರಿಗಳು ಸೊಯ್ಯನೆ ಹೋಗ್ತಿದ್ವು, ಹಾಕದೆ ಇನ್ನೇನು? ಜೊತೆಗೆ ಮಗಳಿಗೆ ಭಯ ಆಗುತ್ತೆ ಅಂತ ಒಳಗಿನ ಲೈಟು, ಫೋನ್ ಚಾರ್ಜಿಂಗು. "ಹನ್ನೆರಡು ವೋಲ್ಟ್ ಬ್ಯಾಟರಿ ಹೋಗಿದೆ" ಅಂದ.

ಅವನು ಬಾನೆಟ್ ಎತ್ತಿ ಟಾರ್ಚ್ ಬಾಯಲ್ಲಿ ಕಚ್ಕೊಂಡು ಆ ಸಣ್ಣ ಬ್ಯಾಟರಿ ತೋರಿಸಿದ. ನಾಲ್ಕು ವರ್ಷದಲ್ಲಿ ನಾನು ಅದನ್ನ ನೋಡಿದ್ದು ಅವತ್ತೇ ಮೊದಲು. ನಿಮ್ಮ ಲಾರಿ ಬ್ಯಾಟರಿಯಿಂದಾನೇ ಜಂಪ್ ಕೊಡಿ (ವೈರ್ ಹಾಕಿ ಕರೆಂಟ್ ಕೊಡೋದು) ಅಂದೆ. "ಇದು 24 ವೋಲ್ಟ್, ಕೊಟ್ರೆ ನಿಮ್ಮ ಗಾಡಿ ಹೊಗೆ" ಅಂದ. ರಸ್ತೆ ಮಧ್ಯ ನಿಂತು ಕೈ ಅಡ್ಡ ಹಾಕಿ ಹಾಲಿನ ಕ್ಯಾನ್ ತುಂಬಿದ್ದ ಒಂದು ಬೊಲೆರೊ ಪಿಕಪ್ ನಿಲ್ಲಿಸಿದ. ಆ ಪುಣ್ಯಾತ್ಮ ಒಂದು ಮಾತಾಡದೆ ಬಾನೆಟ್ ಎತ್ತಿದ. ಕೆಂಪು ವೈರ್, ಕಪ್ಪು ವೈರ್, ಎರಡು ನಿಮಿಷ. ಸ್ಕ್ರೀನ್ ಬಂತು, ಹ್ಯಾಂಡ್‌ಬ್ರೇಕ್ ಕಟ್ ಅಂತ ಬಿಡ್ತು, ನ್ಯೂಟ್ರಲ್ ಬಿತ್ತು, ವಿಂಚ್ ಹಾಕಿ ಎಳ್ಕೊಂಡ. ಗೊನೆ ಒಂದು ಬೊಲೆರೊಗೆ ಹೋಯ್ತು, ಒಂದು ಹುಡುಗನಿಗೆ.

ಯೂನಿಟ್_ಲೆಕ್ಕ | 2.41

ಈ ಹನ್ನೆರಡು ವೋಲ್ಟ್ ವಿಷಯ ಎಲ್ಲರೂ ತಿಳ್ಕೊಳ್ಳಿ, ಇದು ಸೊನ್ನೆ ಚಾರ್ಜ್‌ಗಿಂತ ಹೆಚ್ಚು ಜನರನ್ನ ಕಾಡೋದು.

ದೊಡ್ಡ ಬ್ಯಾಟರಿ ಮುನ್ನೂರು ನಾನೂರು ವೋಲ್ಟ್‌ದು. ಅದನ್ನ ಗಾಡಿಗೆ ಸೇರಿಸೋದು ಕಾಂಟ್ಯಾಕ್ಟರ್ ಅನ್ನೋ ದಪ್ಪ ಸ್ವಿಚ್ಚು. ಆ ಸ್ವಿಚ್ ಒತ್ತೋಕೆ ಶಕ್ತಿ ಬರೋದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಲೈಟು, ಲಾಕು, ಸ್ಕ್ರೀನು, ಗೇರ್ ಗುಂಡಿ, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕು ಎಲ್ಲ ಅದರ ಮೇಲೆಯೇ. ಗಾಡಿ ಓಡೋವಾಗ ದೊಡ್ಡದು ಚಿಕ್ಕದಕ್ಕೆ ಊಟ ಹಾಕ್ತಿರುತ್ತೆ. ದೊಡ್ಡದು ಸೊನ್ನೆಗೆ ಬಂದು ಸ್ವಿಚ್ ಬಿದ್ದುಹೋಯ್ತು ಅಂದ್ರೆ ಊಟ ನಿಂತುಹೋಗುತ್ತೆ. ಅಲ್ಲಿಂದ ಮುಂದೆ ನಾಲ್ಕು ಇಂಡಿಕೇಟರ್ ಮಿನುಗೋದೂ ಆ ಸಣ್ಣ ಬ್ಯಾಟರಿಯ ಉಳಿತಾಯದಿಂದ.

ಮನೇಲಿ ನಿಂತ ಗಾಡೀಲಿ 80 ಪರ್ಸೆಂಟ್ ಚಾರ್ಜ್ ಇದ್ರೂ ಚಿಕ್ಕದು ಸತ್ತರೆ ಗಾಡಿ ಏಳಲ್ಲ. ಗಾಬರಿಯಾಗಿ "ಚಾರ್ಜ್ ಮುಗಿದಿದೆ" ಅಂತ ಆರ್‌ಎಸ್‌ಎಗೆ ಹೇಳ್ಬೇಡಿ, "12 ವೋಲ್ಟ್ ಜಂಪ್ ಬೇಕು" ಅನ್ನಿ. ಬೈಕ್ ಮೇಲೆ ಬರೋ ಹುಡುಗನೂ ಅದನ್ನ ಮಾಡ್ತಾನೆ. ಆದ್ರೆ ನಿಮ್ಮ ಇವಿ ಚಿಕ್ಕ ಬ್ಯಾಟರಿಯಿಂದ ಪಕ್ಕದ ಮನೆ ಡೀಸೆಲ್ ಗಾಡಿಗೆ ಜಂಪ್ ಕೊಡೋ ಉಪಕಾರಕ್ಕೆ ಮಾತ್ರ ಹೋಗ್ಬೇಡಿ. ಸ್ಟಾರ್ಟರ್ ಎಳೆಯೋ ಕರೆಂಟಿಗೆ ಅದು ತಯಾರಾದ್ದಲ್ಲ.

ಕುಡ್ಲದ_ಮಳೆ | 2.50

ಹಾಗಾದ್ರೆ ರಾತ್ರಿ ಇಂಡಿಕೇಟರ್ ಹಾಕ್ಬಾರ್ದಾ? ಹಿಂದಿನಿಂದ ಟ್ಯಾಂಕರ್ ಬಂದು ಗುದ್ದಿದ್ರೆ?

ಟೋಚನ್_ಹಾಸನ | 3.05

ಹಾಕ್ಲೇಬೇಕು ಅಕ್ಕ. ಬ್ಯಾಟರಿ ಹೋದ್ರೆ ಹೋಗ್ಲಿ, ಜಂಪ್ ಕೊಡ್ಬಹುದು. ಕೆಂಪು ತ್ರಿಕೋನ ಡಿಕ್ಕೀಲಿ ಇರುತ್ತಲ್ಲ, ಅದನ್ನ ಐವತ್ತು ಹೆಜ್ಜೆ ಹಿಂದೆ ಇಡಿ, ತಿರುವಿನಲ್ಲಾದ್ರೆ ತಿರುವಿಗೂ ಹಿಂದೆ. ಒಳಗಿನ ಲೈಟು, ಮ್ಯೂಸಿಕ್ಕು ಆಫ್ ಮಾಡಿ. ಗಾಡಿಗೆ ಇನ್ನೂ ಒಂಚೂರು ಜೀವ ಇರೋವಾಗ್ಲೇ ಪಕ್ಕಕ್ಕೆ ಹಾಕಿ, ಪೂರ್ತಿ ಸಾಯೋವರೆಗೆ ಓಡಿಸ್ಬೇಡಿ. ಎರಡು ಪರ್ಸೆಂಟಲ್ಲಿ ನಿಂತ ಗಾಡಿ ಹತ್ತಿಸೋಕೆ ನನಗೆ ಹತ್ತು ನಿಮಿಷ, ಸತ್ತ ಗಾಡಿಗೆ ಒಂದು ಗಂಟೆ. ಇದೊಂದೇ ನನ್ನ ಬೇಡಿಕೆ.

ಜನರನ್ನ ಒಳಗೆ ಕೂರಿಸ್ಬೇಡಿ, ಮಳೆಯಿದ್ರೂ ರಸ್ತೆಯಿಂದಾಚೆ ನಿಲ್ಲಿಸಿ. ಹೆದ್ದಾರಿ ಆದ್ರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಒಂದು ಕಾಲ್ ಹಾಕಿ, ಪೆಟ್ರೋಲಿಂಗ್ ಗಾಡಿ ಬಂದ್ರೆ ಕೋನ್ ಇಟ್ಟು ಹಿಂದೆ ಲೈಟ್ ಹಾಕ್ಕೊಂಡು ನಿಲ್ತಾರೆ. ಅವರು ಚಾರ್ಜ್ ಕೊಡಲ್ಲ, ಆದ್ರೆ ಲಾರಿಯಿಂದ ಕಾಪಾಡ್ತಾರೆ.

ಗಂಡುಮೆಟ್ಟಿದ_ಗಾಡಿ | ಸಂಜೆ 4.30

ನಮ್ಮ ಕಡೆ ಕಥಿ ಕೇಳ್ರಿ. ಹೋದ ವರ್ಷ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊಂಟಿದ್ವಿ. ಹಾವೇರಿ ದಾಟೇತಿ, ಎದರಾಗಾಳಿ ಹೊಡದ್ ಹೊಡದ್ 9 ಪರ್ಸೆಂಟಿಗೆ ಬಂತು. ಮುಂದಿನ ಚಾರ್ಜರ್ ಮುಟ್ಟಂಗಿಲ್ಲ ಅನ್ನೂದು ಖಾತ್ರಿ ಆತು. ಯಾರಿಗೂ ಫೋನ್ ಹಚ್ಚಲಿಲ್ಲ. ರಸ್ತಾ ಬಾಜೂಕ ಒಂದ್ ಖಾನಾವಳಿ ಇತ್ತು, ಒಳಗ ಹೋಗಿ ಕಾಕಾಗ ಕೇಳಿದೆ, "ಗ್ರೈಂಡರ್ ಹಚ್ಚೂ ಪ್ಲಗ್ ಐತೇನ್ರಿ?" ಐತಿ ಅಂದ್ರು.

ವಾಯರ್ ಹಚ್ಚಿದ್ರ ಕೆಂಪು ದೀಪ. ಅರ್ಥಿಂಗ್ ಇಲ್ಲ. ಮತ್ತೊಂದು ಪ್ಲಗ್, ಮತ್ತ ಕೆಂಪು. ಆಮ್ಯಾಲೆ ಕಾಕಾ ಅವರ ಮಗ ಹಿಂದ ಬೋರ್ ಮೋಟರ್ ಶೆಡ್ಡಿಗೆ ಕರ್ಕೊಂಡ್ ಹೋದ, ಅಲ್ಲಿ ಅರ್ಥ್ ಚಲೋ ಇತ್ತು, ಹಸಿರು ಬಂತು. ಎರಡು ತಾಸು ಕುಂತ್ವಿ. ಜ್ವಾಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮ್ಯಾಲೆ ಮಸರು. ಆರು ಯೂನಿಟ್ ಏರಿತು, ನಲವತ್ತು ಕಿಲೋಮೀಟರ್‌ಗೆ ಸಾಕಾತು. ಕರೆಂಟಿಗೆ ನೂರು ರೂಪಾಯಿ ಕೊಟ್ರ ತಗೊಳ್ಳಾಕ ಒಲ್ಲೆ ಅಂದ್ರು ಕಾಕಾ. ಮಗನ ಕೈಯಾಗ ಇಟ್ಟು ಬಂದ್ವಿ.

ಆರ್‌ಎಸ್‌ಎ ಅಂತೀರಿ, ನಮ್ಮ ಆರ್‌ಎಸ್‌ಎ ಅಂದ್ರ ರೊಟ್ಟಿ, ಶೇಂಗಾ, ಎಣಗಾಯಿ. ಆದ್ರ ಇದು 9 ಪರ್ಸೆಂಟ್ ಇದ್ದಾಗ ಮಾತ್ರ ಆಗ್ತೈತಿ. ಸೊನ್ನಿ ಆದಮ್ಯಾಲ ಖಾನಾವಳಿತನಕ ದೂಡಾವ್ರು ಯಾರ್ರೀ?

ಒಗ್ಗರಣೆ_ಬೆಂಗಳೂರು | 4.44

😂 ಎಣಗಾಯಿ ನೆನೆಸಿಕೊಂಡು ಹೊಟ್ಟೆ ಉರೀತಿದೆ. ನಮಗೆ ಅವತ್ತು ಸಿಕ್ಕಿದ್ದು ಹಸಿ ಬಾಳೆಕಾಯಿ.

ಆರು ಪರ್ಸೆಂಟ್ ಇದ್ದಾಗ ಸಕಲೇಶಪುರದಲ್ಲೇ ರೂಮ್ ಮಾಡಿ ಮಲಗಬೇಕಿತ್ತು, ಈಗ ಗೊತ್ತಾಗ್ತಿದೆ. ಅಮ್ಮನೂ ಅದನ್ನೇ ಅಂದಿದ್ದರು.

ಪೆಟ್ರೋಲ್_ಪುಟ್ಟ | 4.50

ಹೆಂಡತಿ ನೆಲ್ಯಾಡೀಲಿ ನಿಲ್ಲಿಸಿ ಅಂದ್ರು, ಅಮ್ಮ ಸಕಲೇಶಪುರದಲ್ಲಿ ನಿಲ್ಲಿಸಿ ಅಂದ್ರು. ಸಮಸ್ಯೆ ಬ್ಯಾಟರೀದಲ್ಲ ಬಿಡಿ.

ಹಳೇ_ರೇವಾ | ಸಂಜೆ 6.15

ನನಗೀಗ 71. ಈ ಚರ್ಚೆ ಓದ್ತಾ ಇಪ್ಪತ್ತು ವರ್ಷ ಹಿಂದಕ್ಕೆ ಹೋದೆ.

2001ರಲ್ಲಿ ನಮ್ಮ ಬೆಂಗಳೂರಲ್ಲೇ ರೇವಾ ಬಂತು. ನಾನು ತಗೊಂಡಿದ್ದು ಅದಾದ ಮೂರು ವರ್ಷಕ್ಕೆ. ಸೀಸ–ಆಮ್ಲದ ಬ್ಯಾಟರಿಗಳು, ಒಟ್ಟು 48 ವೋಲ್ಟು, ಕಂಪನಿ ಲೆಕ್ಕದಲ್ಲಿ 80 ಕಿಲೋಮೀಟರ್. ಬ್ಯಾಟರಿ ಹಳೇದಾಗ್ತಾ ಆಗ್ತಾ ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬರೋದೇ ಸಾಹಸ ಆಯ್ತು. ಡಿಕ್ಕೀಲಿ ಮೂವತ್ತು ಮೀಟರ್ ವೈರ್ ಸುರುಳಿ ಯಾವಾಗಲೂ ಇರ್ತಿತ್ತು. ಶೇಷಾದ್ರಿಪುರದ ಒಬ್ಬ ಟೈಲರು, ಬಸವನಗುಡೀಲಿ ಒಂದು ಹಿಟ್ಟಿನ ಗಿರಣಿ, ಇವೇ ನನ್ನ ಚಾರ್ಜಿಂಗ್ ಸ್ಟೇಷನ್‌ಗಳು. ಗಿರಣಿಯವರು ರಾಗಿ ಬೀಸೋ ಹೊತ್ತಲ್ಲಿ ಮಾತ್ರ ಬೇಡ ಅಂತಿದ್ರು.

ಒಂದು ವಿಷಯ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 2009ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ರೇವಾದವರು ಹೊಸ ಮಾಡೆಲ್‌ಗಳ ಜೊತೆ "ರಿವೈವ್" ಅನ್ನೋ ವ್ಯವಸ್ಥೆ ತೋರಿಸಿದ್ರು. ಚಾರ್ಜ್ ಮುಗೀತು ಅಂದಾಗ ಸಹಾಯವಾಣಿಗೆ ಫೋನೋ ಮೆಸೇಜೋ ಮಾಡೋದು, ಅವರು ದೂರದಿಂದಲೇ ಬ್ಯಾಟರೀಲಿ ಮೊದಲೇ ಅಡಗಿಸಿಟ್ಟ ಒಂದಷ್ಟನ್ನ ಬಿಡುಗಡೆ ಮಾಡೋದು. ಸ್ಕೂಟರಿನ ರಿಸರ್ವ್ ಕಾಕ್ ಇದ್ದ ಹಾಗೆ, ತಿರುಗಿಸೋ ಕೈ ಮಾತ್ರ ಕಂಪನಿಯದು. ಮರುವರ್ಷ ಮಹೀಂದ್ರಾದವರು ರೇವಾ ಕೊಂಡರು, 2013ರಲ್ಲಿ ಬಂದ ಇ2ಒದಲ್ಲೂ ಈ ಸೌಲಭ್ಯ ಇತ್ತು. ಕ್ರೇನೂ ಬೇಡ, ಫ್ಲ್ಯಾಟ್‌ಬೆಡ್ಡೂ ಬೇಡ, ಬಾಳ್ಳುಪೇಟೆ ಅಂತ ಅಕ್ಷರ ಹೇಳೋ ಕಷ್ಟವೂ ಬೇಡ. ನಿಮಗೆ ಬೇಕಿದ್ದಿದ್ದು ಮೂರೇ ಮೂರು ಕಿಲೋಮೀಟರ್ ತಾನೆ?

ಆಗ ನಾನು ಇದನ್ನ ಗೇಲಿ ಮಾಡಿದ್ದೆ. ನನ್ನ ದುಡ್ಡಲ್ಲಿ ಕೊಂಡ ಬ್ಯಾಟರೀಲಿ ನನಗೇ ಕಾಣದ ಹಾಗೆ ಬಚ್ಚಿಡೋದೇನು ಅಂತ. ಈಗ ಯೋಚಿಸಿದ್ರೆ ನಮ್ಮಮ್ಮ ಸಾಸಿವೆ ಡಬ್ಬೀಲಿ ದುಡ್ಡು ಇಡ್ತಿದ್ದದ್ದೂ ಅದೇ ಅಲ್ಲವೇ.

ಡರ್ಬಿ_ಕನ್ನಡಿಗ | ರಾತ್ರಿ 9.40

ಇಂಗ್ಲೆಂಡಿನಿಂದ. ರೇವಾನ ಇಲ್ಲಿ ಜಿ–ವಿಜ್ ಅಂತ ಮಾರ್ತಿದ್ರು ಸಾರ್, ಲಂಡನ್ನಿನಲ್ಲಿ ತುಂಬಾ ಓಡಾಡ್ತಿದ್ವು.

ಇಲ್ಲಿ ರಸ್ತೆ ಸಹಾಯ ಕೊಡೋ ಹಳೇ ಸಂಸ್ಥೆಗಳು ಎಎ ಮತ್ತು ಆರ್‌ಎಸಿ. ಆರ್‌ಎಸಿಯವರು 2019ರಿಂದ ತಮ್ಮ ಪೆಟ್ರೋಲ್ ವ್ಯಾನುಗಳಲ್ಲೇ (ಪೆಟ್ರೋಲ್_ಪುಟ್ಟ ಅವರೇ, ಗಸ್ತು ವ್ಯಾನ್ ಅಂತ ಅರ್ಥ) ಸಣ್ಣ ಚಾರ್ಜರ್ ಇಟ್ಟಿದ್ದಾರೆ. ವ್ಯಾನಿನ ಎಂಜಿನ್ ಓಡಿಸಿ ಅದರಿಂದ ಕಾರಿಗೆ ಕೊಡೋದು. ಫುಲ್ ಮಾಡೋಕಲ್ಲ, ಹತ್ತಿರದ ಚಾರ್ಜರ್ ಮುಟ್ಟೋಷ್ಟು ಮಾತ್ರ. ನನಗೆ ಎರಡು ಸಲ ಸಹಾಯ ಬೇಕಾಗಿತ್ತು. ಒಂದು ಟೈರು (ಸ್ಟೆಪ್ನಿ ಇಲ್ಲ ಅನ್ನೋದು ಪಂಕ್ಚರ್ ಆದ್ಮೇಲೆ ಗೊತ್ತಾಗಿದ್ದು), ಇನ್ನೊಂದು 12 ವೋಲ್ಟ್. ಎಎ ಹೇಳೋ ಪ್ರಕಾರ ಇವಿಗಳಿಂದ ಬರೋ ಕರೆಗಳಲ್ಲಿ ಚಾರ್ಜ್ ಮುಗಿದವು 2015ರಲ್ಲಿ ನೂರಕ್ಕೆ ಎಂಟರಷ್ಟಿದ್ದವು, 2023ರ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿದಿವೆ. ಚಾರ್ಜರ್ ಹೆಚ್ಚಾದ್ವು, ಬ್ಯಾಟರಿ ದೊಡ್ಡದಾದ್ವು.

ಒಂದು ವ್ಯತ್ಯಾಸ ಹೇಳ್ಲೇಬೇಕು. ಇಲ್ಲಿ ಮಳೆಗೆ ಊರಿಗೆ ಊರೇ ಕತ್ತಲಾಗೋದು ಅಪರೂಪ. ಸಕಲೇಶಪುರದ ಕತೆ ಓದಿ ಅಮ್ಮನ ಮನೆ ನೆನಪಾಯ್ತು, ನಮ್ಮದು ಮೂಡಿಗೆರೆ.

ಯೂನಿಟ್_ಲೆಕ್ಕ | 10.02

ವ್ಯಾನ್ ಚಾರ್ಜರ್ ಇಲ್ಲೂ ದೊಡ್ಡ ಊರುಗಳಲ್ಲಿ ಶುರುವಾಗಿದೆ, ಆದ್ರೆ ಶಿರಾಡಿ ಮೇಲೆ ಯಾರೂ ಇಟ್ಕೊಂಡು ಕೂತಿರಲ್ಲ. ಅದಕ್ಕಿಂತ ಹತ್ತಿರದ ದಾರಿ ಇನ್ನೊಂದು ಇವಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನೆಕ್ಸಾನ್ ಇವಿ, ಅಯಾನಿಕ್ 5 ಇಂಥವು ಹೊರಗೆ ಕರೆಂಟ್ ಕೊಡಬಲ್ಲವು, ಮೂರು ಚಿಲ್ಲರೆ ಕಿಲೋವ್ಯಾಟ್. ಅದರ ಅಡಾಪ್ಟರ್ ಇದ್ದವರು ಸಿಕ್ಕಿದ್ರೆ, ನಿಮ್ಮ ಪೋರ್ಟಬಲ್ ಚಾರ್ಜರ್ ಅದನ್ನ ಒಪ್ಪಿದ್ರೆ, ಒಂದು ಗಂಟೆಗೆ ಇಪ್ಪತ್ತು ಕಿಲೋಮೀಟರ್.

ಶಾಮಿಯಾನದವರ ಜನರೇಟರ್ ತರಿಸೋ ಯೋಚನೆ ಇರೋರಿಗೆ: ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಸಂಬಂಧ ಇರಲ್ಲ, ಚಾರ್ಜರ್ ಅದನ್ನ "ಅರ್ಥ್ ಇಲ್ಲ" ಅಂತ ತಿಳ್ಕೊಂಡು ಕೆಂಪು ತೋರಿಸುತ್ತೆ. ಅದನ್ನ ಜೋಡಿಸೋಕೆ ಗೊತ್ತಿರೋ ಎಲೆಕ್ಟ್ರಿಷಿಯನ್ ಬೇಕು. ಮಳೇಲಿ ನೀವೇ ಕೈ ಹಾಕ್ಬೇಡಿ. ಖಾನಾವಳೀಲಿ ಕೆಂಪು ದೀಪ ಬಂದಾಗ ಬೇರೆ ಪ್ಲಗ್ ಹುಡುಕಿದ್ರಲ್ಲ, ಅದೇ ಸರಿ. ಯೂಟ್ಯೂಬ್ ನೋಡಿ ಅರ್ಥ್ ಪಿನ್ನಿಗೆ ವೈರ್ ಸುತ್ತಿ ಚಾರ್ಜರ್‌ಗೆ ಮೋಸ ಮಾಡೋರಿದ್ದಾರೆ, ಆಮೇಲೆ ಗಾಡಿ ಮುಟ್ಟಿದವರಿಗೆ ಶಾಕ್.

ಹಾಂ, ಒಗ್ಗರಣೆಯವರೆ, ಸೊನ್ನೆಯಾದ ಬ್ಯಾಟರಿ ಹಾಸನದಲ್ಲಿ ಆ ರಾತ್ರೀನೇ ಚಾರ್ಜ್ ಮಾಡಿದ್ದು ಒಳ್ಳೇದಾಯ್ತು. ಸೊನ್ನೇಲಿ ವಾರಗಟ್ಟಲೆ ಬಿಟ್ಟರೆ ಸೆಲ್‌ಗಳಿಗೆ ಕೆಡುಕು.

ನಿರ್ವಾಹಕ | 10.15

ದಯವಿಟ್ಟು ಟೋಯಿಂಗ್‌ನವರ ಖಾಸಗಿ ಫೋನ್ ನಂಬರ್ ಇಲ್ಲಿ ಹಾಕಬೇಡಿ. ಎರಡು ಉತ್ತರ ತೆಗೆದಿದ್ದೇನೆ.

ಪಾಲಿಸಿ_ಪದ್ಮಕ್ಕ | ಮಂಗಳವಾರ, ಬೆಳಗ್ಗೆ 8.30

2,200ರ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳ್ತೀನಿ. ಇಪ್ಪತ್ತು ವರ್ಷ ವಿಮೆ ಕ್ಲೇಮು ನೋಡಿದವಳು.

ಮೊದಲು ನಿಮ್ಮ ಹತ್ರ ಇರೋದು ಯಾವ ಆರ್‌ಎಸ್‌ಎ ನೋಡಿ. ಗಾಡಿ ಕಂಪನಿ ಕೊಟ್ಟಿದ್ದು ಒಂದು, ಇನ್ಶೂರೆನ್ಸ್ ಜೊತೆ ಆಡ್‌ಆನ್ ತಗೊಂಡಿದ್ದು ಇನ್ನೊಂದು. ಎಷ್ಟೋ ಜನಕ್ಕೆ ಎರಡೂ ಇರುತ್ತೆ, ಒಂದಕ್ಕೇ ಫೋನ್ ಮಾಡ್ತಾರೆ. ಎರಡರಲ್ಲೂ ಮೂರು ಸಾಲು ಹುಡುಕಿ. "ಔಟ್ ಆಫ್ ಚಾರ್ಜ್" ಅನ್ನೋದು ಬ್ರೇಕ್‌ಡೌನ್ ಲೆಕ್ಕಕ್ಕೆ ಬರುತ್ತೋ ಇಲ್ಲವೋ. ಕೆಲವರು ಅದನ್ನ "ಗ್ರಾಹಕರ ಅಜಾಗರೂಕತೆ" ಅಂತ ಹೊರಗಿಡ್ತಾರೆ, ಕೆಲವರು ವರ್ಷಕ್ಕೆ ಇಂತಿಷ್ಟು ಸಲ ಅಂತಾರೆ. ಎರಡನೇದು, ಎಷ್ಟು ಕಿಲೋಮೀಟರ್ ಉಚಿತ, ಅದು ಒಂದು ಕಡೆಯದೋ ಹೋಗಿ ಬರೋದು ಸೇರಿಯೋ. ಮೂರನೇದು, "ಹತ್ತಿರದ" ಅನ್ನೋ ಪದದ ಪಕ್ಕ ಏನಿದೆ.

ನಿಮ್ಮ ಬಲ ಇರೋದು ಆ ಮೂರನೇದರಲ್ಲಿ. ಚಾರ್ಜ್ ಆಗದ ಜಾಗ ಚಾರ್ಜಿಂಗ್ ಸ್ಟೇಷನ್ ಹೇಗಾಗುತ್ತೆ? ಅವತ್ತು ರಾತ್ರಿ ಸಕಲೇಶಪುರದಲ್ಲಿ ಕರೆಂಟ್ ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಇಡಿ. ಚಾರ್ಜರ್ ಆ್ಯಪ್‌ನಲ್ಲಿ ಆಫ್‌ಲೈನ್ ಅಂತ ಬಂದ ಸ್ಕ್ರೀನ್‌ಶಾಟ್ ಇದ್ರೆ ಸಾಕು. ಇಲ್ಲದಿದ್ರೆ ಚಾರ್ಜರ್‌ಗಳ ಬಗ್ಗೆ ಜನ ಬರೆಯೋ ಪ್ಲಗ್‌ಶೇರ್ ಆ್ಯಪ್‌ನಲ್ಲಿ ಅವತ್ತು ಯಾರಾದ್ರೂ "ಆಗಲಿಲ್ಲ" ಅಂತ ಬರೆದಿದ್ದಾರಾ ನೋಡಿ. ಜೊತೆಗೆ "ಗ್ರಾಹಕರು ನಿರಾಕರಿಸಿದ್ದಾರೆ" ಅನ್ನೋ ಮೆಸೇಜ್, ಮ್ಯಾನುಯಲ್‌ನ ಟೋಯಿಂಗ್ ಪುಟದ ಫೋಟೊ. ಆ ನಿರಾಕರಣೆ ನಿಮ್ಮ ಲೆಕ್ಕದಲ್ಲಿ ಒಂದು ಬಾರಿ ಸೇವೆ ಪಡೆದ ಹಾಗೆ ಎಣಿಸಿದ್ದಾರಾ ಅದನ್ನೂ ಕೇಳಿ, ಇದನ್ನ ಜನ ಗಮನಿಸೋದೇ ಇಲ್ಲ. ಫೋನಲ್ಲಿ ಜಗಳ ಆಡ್ಬೇಡಿ, ಮೇಲ್‌ನಲ್ಲೇ ಬರೀರಿ, ಕೋಪ ಇಲ್ಲದೆ.

ಒಗ್ಗರಣೆ_ಬೆಂಗಳೂರು | ಮಂಗಳವಾರ, 9.10

ಪದ್ಮಕ್ಕ, ಕೈ ಮುಗಿದೆ. ಸ್ಕ್ರೀನ್‌ಶಾಟ್ ಇದೆ. ಹೆಂಡತಿ ತೆಗೆದಿಟ್ಟಿದ್ದಾಳೆ, ನನ್ನ ವಿರುದ್ಧ ಸಾಕ್ಷಿಗೆ ಅಂತ.

ಒಗ್ಗರಣೆ_ಬೆಂಗಳೂರು | ಮುಂದಿನ ಸೋಮವಾರ, ಮಧ್ಯಾಹ್ನ 12.30

ಏನಾಯ್ತು ಅಂತ ಕೆಲವರು ಕೇಳಿದ್ರಿ. ಆರು ಮೇಲ್ ಆದ್ಮೇಲೆ ಉತ್ತರ ಬಂತು. ನಿರಾಕರಣೆ ಅಂತ ಹಾಕಿದ್ದನ್ನ ತೆಗೆದಿದ್ದಾರೆ. ಪದ್ಮಕ್ಕ ಹೇಳಿದ ಹಾಗೆ ಅದನ್ನ ಒಂದು ಬಾರಿ ಅಂತ ಎಣಿಸಿಯೇ ಇದ್ರು. 2,200ರಲ್ಲಿ 1,400 ವಾಪಸ್, ಮಿಕ್ಕಿದ್ದು "ರಾತ್ರಿ ಶುಲ್ಕ"ವಂತೆ. ಅದರ ಮೇಲೆ ಏಳನೇ ಮೇಲ್ ಬರೀತಿದ್ದೀನಿ.

12 ವೋಲ್ಟ್ ಬ್ಯಾಟರಿ ಬದಲಾಯಿಸಿದೆ. ಡಿಕ್ಕೀಲಿ ಈಗ ಒಂದು ಜಂಪ್ ಪ್ಯಾಕು, ತ್ರಿಕೋನ, ರೈನ್‌ಕೋಟು ನಾಲ್ಕು, ಮತ್ತೆ ಹಳೇ ರೇವಾ ಅವರ ನೆನಪಿಗೆ ಒಳ್ಳೇ ದಪ್ಪದ ವೈರು. ನಾಮಕರಣಕ್ಕೆ ಮತ್ತೆ ಪುತ್ತೂರಿಗೆ ಹೋಗ್ಬೇಕು. ನೆಲ್ಯಾಡೀಲಿ ನಿಲ್ಲಿಸೋ ನಿರ್ಧಾರ ನನ್ನ ಕೈಲಿಲ್ಲ ಅಂತ ಮನೇಲಿ ತೀರ್ಮಾನ ಆಗಿದೆ.

ಟೋಚನ್_ಹಾಸನ | 1.15

ನಾಮಕರಣ ಯಾವತ್ತು ಅಂತ ಮೊದಲೇ ಹೇಳಿ ಅಣ್ಣ, ಆ ದಿನ ಫ್ಲ್ಯಾಟ್‌ಬೆಡ್ ಬೇರೆ ಕಡೆ ಕಳಿಸಲ್ಲ. ಈ ಸಲ ಗೊನೆ ಹಣ್ಣಾಗಿದ್ದು ತನ್ನಿ, ಹುಡುಗ ಹೇಳ್ತಿದ್ದ ಹೋದ ಸಲದ್ದು ಬರೀ ಪಲ್ಯಕ್ಕಾಯ್ತಂತೆ.